ಮೇಷ್ಟ್ರು ಮಗಳಿಗೆ ಊಟ ಮಾಡಿಸಿದ ವರ್ಷ

ಐವತ್ತೊಂದನೇ ವಯಸ್ಸಿನಲ್ಲಿ ಕಾರು ಕಲಿಯುತ್ತೇನೆ ಎಂದಾಗ ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಎಲ್ಲರೂ ನಕ್ಕರು. ನಗದೇ ಇದ್ದವರು ಬ್ರೇಕ್ ಮೇಷ್ಟ್ರು ಮಾತ್ರ. “ಕಾಲು ಪೆಡಲಿಗೆ ಎಟಕುತ್ತಾ? ಕಣ್ಣು ಕಾಣುತ್ತಾ? ಅಷ್ಟಿದ್ರೆ ಸಾಕು ಮೇಡಂ, ಮಿಕ್ಕಿದ್ದು ನಾನು ನೋಡ್ಕೋತೀನಿ,” ಅಂದರು.

ಅವರಿಗೊಂದು ಸರಿಯಾದ ಹೆಸರು ಇದೆ, ಡ್ರೈವಿಂಗ್ ಸ್ಕೂಲಿನ ಬೋರ್ಡಿನಲ್ಲಿ ಬರೆದೂ ಇದೆ. ಆದರೆ ಊರಿಗೆಲ್ಲ ಅವರು ಬ್ರೇಕ್ ಮೇಷ್ಟ್ರೇ. ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆಗೂ ಒಂದು ಬ್ರೇಕ್ ಇರುತ್ತದಲ್ಲ, ಇಪ್ಪತ್ತೆರಡು ವರ್ಷ ಅದರ ಮೇಲೆ ಕಾಲಿಟ್ಟುಕೊಂಡೇ ಕೂತವರು. ಸಿಟ್ಟು ಅನ್ನುವುದು ಅವರಿಗೆ ಗೊತ್ತೇ ಇಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೆವು. ನಾನು ಮೊದಲನೇ ವಾರವೇ ಅಂಚೆ ಕಚೇರಿಯ ಕಾಂಪೌಂಡಿನ ಕಡೆಗೆ ನೇರವಾಗಿ ನುಗ್ಗಿಸಿದಾಗಲೂ, “ಕಾಂಪೌಂಡು ಪಕ್ಕಕ್ಕೆ ಸರಿಯೋ ಹಂಗೆ ಕಾಣ್ತಿಲ್ಲ ಮೇಡಂ, ನಾವೇ ಸರಿಯೋಣ,” ಎಂದು ಮೆಲ್ಲಗೆ ಸ್ಟಿಯರಿಂಗ್ ತಿರುಗಿಸಿದ್ದರು.

ಅಂಥವರು ತಮ್ಮ ಮನೆಯ ಊಟದ ಮೇಜಿನ ಮುಂದೆ ತಟ್ಟೆ ಎತ್ತಿ ಗೋಡೆಗೆ ಬಡಿದಿದ್ದರು ಎಂದರೆ ನಂಬುವುದು ಕಷ್ಟ. ಅದೂ ನಡೆದಿತ್ತು. ಈಗ ಎಲ್ಲ ತಿಳಿಯಾಗಿದೆ, ಅದಕ್ಕೇ ಬರೆಯುವ ಧೈರ್ಯ ಮಾಡಿದ್ದೇನೆ. ಬರೆಯುವ ಮುಂಚೆ ಅವರ ಮಗಳನ್ನು ಕೇಳಿದೆ. ಅವಳು ಒಂದು ಷರತ್ತು ಹಾಕಿದಳು.

“ಬರೀರಿ ಆಂಟಿ. ಆದ್ರೆ ನನ್ನ ತೂಕ ಎಷ್ಟಿತ್ತು ಅಂತ ಮಾತ್ರ ಹಾಕ್ಬೇಡಿ. ಓದಿದೋರಲ್ಲಿ ಯಾರಾದ್ರೂ ಅದರ ಜೊತೆ ಪೈಪೋಟಿಗೆ ಇಳೀತಾರೆ. ನಾನೂ ಹಾಗೇ ಮಾಡಿದ್ದು.”

ಹಾಗಾಗಿ ಈ ಬರಹದಲ್ಲಿ ಕಿಲೋ ಲೆಕ್ಕ ಇಲ್ಲ.

ಅವಳನ್ನು ಮನೆಯಲ್ಲಿ ಪಿಟೀಲು ಎನ್ನುತ್ತಾರೆ. ಹುಟ್ಟಿದ ಮೊದಲ ತಿಂಗಳು ಎಳೆದೆಳೆದು ಅಳುತ್ತಿದ್ದಳಂತೆ, ಅಜ್ಜಿ ಇಟ್ಟ ಹೆಸರು. ಆ ಅಜ್ಜಿ ಎಂದರೆ ಮೇಷ್ಟ್ರ ತಾಯಿ. ಮೇಷ್ಟ್ರ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸದವರು, ಕೂದಲೆಳೆಯಷ್ಟು ವ್ಯತ್ಯಾಸವೂ ಅವರ ಕಣ್ಣಿಗೆ ಬೀಳುತ್ತದೆ. ನಾಲ್ಕೇ ಜನ, ಎರಡು ಕೋಣೆ, ಅಡುಗೆಮನೆಗೆ ಅಂಟಿಕೊಂಡ ಒಂದು ಊಟದ ಮೇಜು. ಹಾಗಿದ್ದೂ ಅವರ ಕಣ್ಣೆದುರಿಗೇ ಮಗಳು ಕರಗುತ್ತಾ ಬಂದದ್ದು ಯಾರಿಗೂ ಕಾಣಲಿಲ್ಲ.

ಶುರುವಾದಾಗ ಅದಕ್ಕೆ ಕಾಯಿಲೆಯ ಮುಖವೇ ಇರಲಿಲ್ಲ. ಹದಿನೈದು ವರ್ಷದ ಹುಡುಗಿ, ಶಾಲೆಯ ಓಟದ ತಂಡದಲ್ಲಿದ್ದಳು. ಸಿಹಿ ಬಿಟ್ಟೆ ಅಂದಳು. ಎಲ್ಲರೂ ಭೇಷ್ ಅಂದರು. ಮೇಷ್ಟ್ರು ಕಲಿಯಲು ಬಂದವರ ಮುಂದೆಲ್ಲ, “ನಮ್ಮ ಹುಡುಗಿಗೆ ಎಂಥಾ ಮನಸ್ಸಿನ ಹಿಡಿತ ನೋಡಿ,” ಎಂದು ಹೇಳಿಕೊಂಡು ತಿರುಗಿದರು. ಆಮೇಲೆ ಎಣ್ಣೆ ಬಿಟ್ಟಳು, ಬೆಣ್ಣೆ ಬಿಟ್ಟಳು, ಅನ್ನ ಬಿಟ್ಟಳು. ಅದೇ ಹೊತ್ತಿನಲ್ಲಿ ಭಾನುವಾರವೆಲ್ಲ ಅಡುಗೆಮನೆಯಲ್ಲೇ ನಿಂತು ಮನೆಯವರಿಗೆಲ್ಲ ಕೇಕ್ ಮಾಡಿ ಬಡಿಸತೊಡಗಿದಳು. ಎಲ್ಲರೂ ತಿನ್ನುವುದನ್ನು ಕಣ್ಣು ಮಿಟುಕಿಸದೆ ನೋಡುವಳು, ತಾನು ಚೂರೂ ಮುಟ್ಟುತ್ತಿರಲಿಲ್ಲ. “ಮಾಡುವಾಗ ರುಚಿ ನೋಡಿದೆ,” ಅನ್ನುವಳು. ಮೆಟ್ಟಿಲು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಬೇಸಿಗೆಯಲ್ಲೂ ಸ್ವೆಟರು.

ಮೇಷ್ಟ್ರಿಗೆ ಅದು ಅರಿವಾದ ಗಳಿಗೆಯಲ್ಲಿ ನಾನು ಪಕ್ಕದಲ್ಲೇ ಇದ್ದೆ. ಮಧ್ಯಾಹ್ನ ಮೂರೂವರೆ, ಸುಡುಬಿಸಿಲು. ನಾನು ಸಿಗ್ನಲ್ಲಿನಲ್ಲಿ ಕ್ಲಚ್ಚು ಹಿಡಿದು ಉಸಿರು ಬಿಗಿಹಿಡಿದಿದ್ದೆ. ಎದುರಿನ ಬಸ್ ನಿಲ್ದಾಣದಲ್ಲಿ ದಪ್ಪ ಸ್ವೆಟರು ಹಾಕಿಕೊಂಡ ಒಂದು ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು. ಚೀಲದ ಪಟ್ಟಿ ಅವಳ ಹೆಗಲಿಗಿಂತ ಅಗಲವಾಗಿ ಕಾಣುತ್ತಿತ್ತು.

“ಅಯ್ಯೋ ಪಾಪ, ಯಾರ ಮಗುವೋ ನೋಡಿ ಮೇಡಂ,” ಅಂದರು ಮೇಷ್ಟ್ರು. “ಏನೋ ದೊಡ್ಡ ಕಾಯಿಲೆ ಇರಬೇಕು. ಮನೇಲಿ ಯಾರೂ ನೋಡೋರು ಇಲ್ವೇನೋ.”

ಆ ಹುಡುಗಿ ಬಸ್ಸು ಬಂತೇ ಎಂದು ಮುಖ ತಿರುಗಿಸಿದಳು. ಸಿಗ್ನಲ್ ಹಸಿರಾಯಿತು, ನಾನು ಕ್ಲಚ್ಚು ಬಿಟ್ಟೆ, ಕಾರು ಮುಂದಕ್ಕೆ ಹೋಗಲಿಲ್ಲ. ಮೇಷ್ಟ್ರು ಬ್ರೇಕ್ ಒತ್ತಿ ಹಿಡಿದಿದ್ದರು. ಹಿಂದೆ ಹಾರ್ನುಗಳು ಬಾಯಿ ಬಡಿದುಕೊಳ್ಳುತ್ತಿದ್ದವು. ಅವರು ಬಾಗಿಲು ತೆಗೆದು, ನನ್ನನ್ನು ರಸ್ತೆ ಮಧ್ಯದಲ್ಲೇ ಬಿಟ್ಟು, ಆ ಹುಡುಗಿಯ ಕಡೆಗೆ ಓಡಿದರು. ಅದು ಪಿಟೀಲು.

ಅಲ್ಲಿಂದ ಎರಡು ತಿಂಗಳು ಆ ಮನೆ ಪಟ್ಟ ಪಾಡು ಹೇಳತೀರದು. ಗದರಿಸಿದರು, ಗೋಗರೆದರು, ಹೊಸ ಓಟದ ಬೂಟು ಕೊಡಿಸುತ್ತೇನೆ ಎಂದು ಆಸೆ ತೋರಿಸಿದರು. ಮೇಷ್ಟ್ರು ತಟ್ಟೆ ಬಡಿದದ್ದು ಆಗಲೇ. ತಟ್ಟೆ ಬಿದ್ದ ಸದ್ದಿಗಿಂತ, ಆಮೇಲೆ ಮಗಳು ಒಂದು ಮಾತೂ ಆಡದೆ ನೆಲ ಒರೆಸಿದ್ದು ಅವರಿಗೆ ಹೆಚ್ಚು ನೋವು ಕೊಟ್ಟಿತಂತೆ. ಕೊನೆಗೆ ಆಸ್ಪತ್ರೆ. ನಾಡಿ ತೀರಾ ನಿಧಾನವಾಗಿದೆ ಎಂದು ಹತ್ತು ದಿನ ಅಲ್ಲೇ ಇಟ್ಟುಕೊಂಡರು. ಅದು ಒಂದು ಹದಕ್ಕೆ ಬಂದ ಮೇಲೆ ಮೂರನೇ ಮಹಡಿಯ ಮನೋವೈದ್ಯೆಯ ಹತ್ತಿರ ಕಳಿಸಿದರು.

ಡಾಕ್ಟರಮ್ಮ ಕುಳ್ಳಗಿನ ಹೆಂಗಸು, ಸದಾ ನೆಗಡಿ, ಕೈಯಲ್ಲಿ ಕರವಸ್ತ್ರ. ನಾಲ್ಕೂ ಜನರನ್ನು ಒಟ್ಟಿಗೇ ಒಳಗೆ ಕರೆದರು. ಮೇಷ್ಟ್ರು ಮಗಳನ್ನು ಮಾತ್ರ ಒಳಗೆ ಬಿಟ್ಟು ತಾವು ಹೊರಗೆ ಕಾಯಬೇಕು ಎಂದುಕೊಂಡಿದ್ದರು.

“ಇವಳಿಗಿರೋದು ಅನೊರೆಕ್ಸಿಯಾ,” ಅಂದರು ಡಾಕ್ಟರಮ್ಮ. “ಇದು ಹಟ ಅಲ್ಲ, ಫ್ಯಾಷನ್ ಅಲ್ಲ. ತಿಂದ್ರೆ ಏನೋ ಅನಾಹುತ ಆಗುತ್ತೆ ಅನ್ನೋ ಭಯ. ಆ ಭಯ ಅವಳ ಬಾಯಲ್ಲಿ ಕೂತ್ಕೊಂಡು ಮಾತಾಡುತ್ತೆ.”

“ನಮ್ಮಿಂದ ಎಲ್ಲಿ ತಪ್ಪಾಯ್ತು ಡಾಕ್ಟ್ರೇ?” ಎಂದು ಹೆಂಡತಿ ಕೇಳಿದರು.

“ಅದನ್ನ ಹುಡುಕ್ತಾ ಕೂರೋಕೆ ನನಗೂ ಪುರುಸೊತ್ತಿಲ್ಲ, ನಿಮಗೂ ಇರೋದಿಲ್ಲ. ನಿಮ್ಮಿಂದ ಬಂದಿದ್ದಲ್ಲ. ಆದ್ರೆ ಹೋಗೋದು ನಿಮ್ಮಿಂದ್ಲೇ.”

“ಯಾವುದಾದ್ರೂ ಒಳ್ಳೆ ಮಾತ್ರೆ ಬರ್ಕೊಡಿ,” ಅಂದರು ಮೇಷ್ಟ್ರು.

“ಊಟಾನೇ ಮಾತ್ರೆ. ದಿನಕ್ಕೆ ಆರು ಸಲ. ಮೂರು ಊಟ, ಮೂರು ಸಣ್ಣ ತಿಂಡಿ. ಏನು, ಎಷ್ಟು ಅನ್ನೋದನ್ನ ಸದ್ಯಕ್ಕೆ ಇವಳಿಗೆ ಬಿಡಬೇಡಿ. ನೀವಿಬ್ರು ನಿರ್ಧಾರ ಮಾಡಿ ಬಡಿಸ್ತೀರ, ಮುಗಿಯೋವರೆಗೂ ಪಕ್ಕದಲ್ಲಿ ಕೂತಿರ್ತೀರ. ಆರೋಗ್ಯ ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ಅವಳ ಕೈಗೇ ವಾಪಸ್ ಕೊಡ್ತೀವಿ. ಇದಕ್ಕೆ ಕುಟುಂಬ ಚಿಕಿತ್ಸೆ ಅಂತಾರೆ. ಮುಂದಿನ ವಾರ ಬರುವಾಗ ಮನೆಯಿಂದ ಮಧ್ಯಾಹ್ನದ ಊಟ ಕಟ್ಟಿಸ್ಕೊಂಡು ಬನ್ನಿ. ಇಲ್ಲೇ ಊಟ ಮಾಡೋಣ.”

ಪಿಟೀಲು ಅಲ್ಲಿಯವರೆಗೂ ತಲೆ ತಗ್ಗಿಸಿ ಕೂತವಳು, “ನಾನು ಬರಲ್ಲ,” ಅಂದಳು.

ಬಂದಳು. ಆಸ್ಪತ್ರೆಯ ಆ ಊಟದ ಕತೆಯನ್ನು ಮೇಷ್ಟ್ರು ನನಗೆ ಮೂರು ಸಲ ಹೇಳಿದ್ದಾರೆ, ಮೂರು ಸಲವೂ ಒರಟಾಗಿ ಮೂಗು ಒರೆಸಿಕೊಂಡಿದ್ದಾರೆ. ಡಾಕ್ಟರಮ್ಮನ ಮೇಜಿನ ಮೇಲೆ ಡಬ್ಬಿಗಳನ್ನು ಬಿಚ್ಚಿಟ್ಟರು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ, ಮೊಸರು. ಮಗಳು ಒಂದೊಂದು ಅಗುಳನ್ನು ತಟ್ಟೆಯ ಅಂಚಿಗೆ ತಳ್ಳುತ್ತಾ ಕೂತಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ.

“ಪೂರ್ತಿ ತಿನ್ನು,” ಅಂದರು ತಾಯಿ.

“ಅರ್ಧ ತಿಂದ್ರೂ ಸಾಕು ಬಿಡು,” ಅಂದರು ಮೇಷ್ಟ್ರು.

“ಮಗೂಗೆ ಹಿಂಸೆ ಕೊಡಬೇಡ್ರೋ,” ಅಂದರು ಅಜ್ಜಿ.

ಡಾಕ್ಟರಮ್ಮ ಸೀನಿ, ಮೂಗು ಒರೆಸಿಕೊಂಡು, “ಮೂರು ಜನ, ಮೂರು ಮಾತು,” ಅಂದರು. “ಆ ಕಾಯಿಲೆಗೆ ಇದಕ್ಕಿಂತ ಇನ್ನೇನು ಬೇಕು? ಅದು ನಿಮ್ಮ ಮಧ್ಯದ ಸಂದಿಯಲ್ಲಿ ನುಸುಳ್ಕೊಂಡು ಹೋಗ್ತಾ ಇದೆ. ಅಪ್ಪ, ನೀವು ಎದ್ದು ಆ ಕಡೆ ಕೂತ್ಕೊಳ್ಳಿ. ಅಮ್ಮ ಈ ಕಡೆ. ಇಬ್ರೂ ಮೊದಲು ಮಾತಾಡ್ಕೊಂಡು ಒಂದೇ ಮಾತು ಹೇಳಿ.”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ತಿಂಗಳಿಂದ ಅವರು ಮಗಳ ಬಗ್ಗೆ ಕಿತ್ತಾಡಿದ್ದರೇ ಹೊರತು ಮಾತಾಡಿರಲಿಲ್ಲ. ಅಲ್ಲೇ ಪಿಸುಪಿಸು ಮಾತಾಡಿದರು. ಆಮೇಲೆ ಮೇಷ್ಟ್ರು ಮಗಳ ಎಡಕ್ಕೆ ಕೂತು, ಕಾರಿನಲ್ಲಿ ನಮ್ಮೊಂದಿಗೆ ಆಡುವ ಅದೇ ದನಿಯಲ್ಲಿ, “ಇದು ತಿನ್ನೋಕೆ ನಿಂಗೆ ಎಷ್ಟು ಭಯ ಆಗ್ತಿದೆ ಅಂತ ನಂಗೆ ಗೊತ್ತಾಗ್ತಿಲ್ಲ ಪುಟ್ಟಾ. ತುಂಬಾ ಆಗ್ತಿದೆ ಅಂತ ಮಾತ್ರ ಗೊತ್ತು. ಆದ್ರೂ ಈ ಚಮಚ ತಿನ್ನಬೇಕು. ನಾವಿಬ್ರೂ ಎಲ್ಲಿಗೂ ಹೋಗಲ್ಲ,” ಅಂದರು.

“ಬೇಡ.”

“ಸರಿ. ಕೂತಿರ್ತೀವಿ.”

“ಬೇಡ ಅಂದ್ನಲ್ಲ! ನಿಮ್ಮನ್ನ ಕಂಡ್ರೆ ಆಗಲ್ಲ ನಂಗೆ!”

“ಆಗದೇ ಇದ್ರೂ ಪರವಾಗಿಲ್ಲಮ್ಮ,” ಅಂದರು ತಾಯಿ. “ಈ ಚಮಚ.”

ಐವತ್ತು ನಿಮಿಷವಾದ ಮೇಲೆ ಅವಳು ಆ ಚಮಚವನ್ನು ಬಾಯಿಗಿಟ್ಟಳು. ಅಗಿಯುತ್ತಾ ಅಗಿಯುತ್ತಾ ಕಣ್ಣೀರು ಸುರಿಯುತ್ತಿತ್ತು. ನುಂಗಿದಳು. ಆಮೇಲೆ ಇನ್ನೊಂದು, ಅದರ ಮೇಲೆ ಅರ್ಧ ಮೊಟ್ಟೆ. ಇಷ್ಟಕ್ಕಿಂತ ಹೆಚ್ಚು ತಿನ್ನುವುದಿಲ್ಲ ಎಂದು ಮನಸ್ಸಿನಲ್ಲಿ ಎಳೆದುಕೊಂಡಿದ್ದ ಗೆರೆಗಿಂತ ಆ ದಿನ ಅವಳು ತಿಂದದ್ದು ಮೂರೇ ಮೂರು ತುತ್ತು ಹೆಚ್ಚು. ಆದರೆ ಮೇಷ್ಟ್ರು ಮೆಟ್ಟಿಲಿಳಿಯುವಾಗ ಹೆಂಡತಿಯ ಕೈ ಹಿಡಿದುಕೊಂಡೇ ಇಳಿದರಂತೆ. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು, ನಾಲ್ಕು ಜನರ ಮುಂದೆ ಕೈ ಹಿಡಿದದ್ದು ಅದೇ ಮೊದಲು.

ಅಲ್ಲಿಂದ ಶುರುವಾಯಿತು. ಮೇಷ್ಟ್ರು ಬೆಳಗಿನ ಪಾಠಗಳನ್ನೆಲ್ಲ ನಿಲ್ಲಿಸಿದರು. ಬೆಳಗಿನ ತಿಂಡಿಗೇ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಹೆಂಡತಿ ಅಂಗಡಿಗೆ ಹನ್ನೊಂದಕ್ಕೆ ಹೋಗಿ, ಸಂಜೆ ಲೈಟು ಹಾಕುವ ಹೊತ್ತಿಗೆ ವಾಪಸ್ ಓಡಿಬರುವರು. ಮಧ್ಯಾಹ್ನದ ಊಟ ಮೇಷ್ಟ್ರ ಪಾಲಿಗೆ. ಶಾಲೆಯ ಹಿಂದಿನ ರಸ್ತೆಯಲ್ಲಿ, ಮರದ ನೆರಳಿನಲ್ಲಿ, ತಲೆಯ ಮೇಲೆ ಬೋರ್ಡು ಹೊತ್ತ ಆ ಕಾರನ್ನು ನಿಲ್ಲಿಸಿಕೊಂಡು ಕಾಯುವರು. ಪಿಟೀಲಿಗೆ ನಾಚಿಕೆಯಿಂದ ಜೀವ ಹೋಗುತ್ತಿತ್ತು.

“ಅಪ್ಪಾ, ಆ ಬೋರ್ಡಾದ್ರೂ ತೆಗೀಬಾರ್ದಾ? ಎಲ್ಲರೂ ನಾನು ಡ್ರೈವಿಂಗ್ ಕಲೀತಿದೀನಿ ಅಂದ್ಕೊಂಡಿದ್ದಾರೆ.”

“ಬೇಗ ತಿಂದ್ಮುಗಿಸು, ಬೋರ್ಡೂ ಹೋಗುತ್ತೆ, ನಾನೂ ಹೋಗ್ತೀನಿ.”

ನನ್ನ ಪಾಠ ಆ ಊಟದ ನಂತರದ ಹೊತ್ತಿಗೆ ಬದಲಾಯಿತು. ನಾನು ಆಗಲೇ ಒಂದು ಸಲ ಪರೀಕ್ಷೆಯಲ್ಲಿ ಫೇಲಾಗಿ, ಎರಡನೆಯ ಪ್ರಯತ್ನಕ್ಕೆ ತಯಾರಾಗುತ್ತಿದ್ದೆ. ಒಂದು ಮಧ್ಯಾಹ್ನ ವೃತ್ತವನ್ನು ಸುತ್ತುತ್ತಿರುವಾಗ ಕಾಲಿನ ಗಿಣ್ಣಿನ ಹತ್ತಿರ ಚುರ್ರೆಂದಿತು. ಮತ್ತೊಂದು ಸಲ. ಕಿರುಚಿ ಎರಡೂ ಕಾಲೆತ್ತಿಬಿಟ್ಟೆ. ಕಾರು ಜಗ್ಗಿ ವೃತ್ತದ ಮಧ್ಯದಲ್ಲೇ ನಿಂತಿತು. ಇರುವೆ! ಒಂದಲ್ಲ, ಸಾಲುಸಾಲು.

ಕಾರನ್ನು ಪಕ್ಕಕ್ಕೆ ತಂದು ಮೇಷ್ಟ್ರು ಸೀಟಿನ ಕೆಳಗೆ ಕೈ ಹಾಕಿದರು. ಕಾಗದದ ಕರವಸ್ತ್ರದಲ್ಲಿ ಅಚ್ಚುಕಟ್ಟಾಗಿ ಮಡಿಚಿದ ಪೊಟ್ಟಣಗಳು ಹೊರಬಂದವು. ಬ್ರೆಡ್ಡಿನ ತುಂಡು, ಒಣಗಿದ ಅನ್ನದ ಉಂಡೆ, ಮೊಟ್ಟೆಯ ಹಳದಿ. ಹತ್ತು ಹನ್ನೆರಡು ಪೊಟ್ಟಣ. ಅವರು ಅವನ್ನು ಡ್ಯಾಶ್‌ಬೋರ್ಡಿನ ಮೇಲೆ ಸಾಲಾಗಿ ಇಟ್ಟು ನೋಡುತ್ತಾ ಕೂತರು.

“ನಾನು ಪಕ್ಕದಲ್ಲೇ ಇದ್ದೆ ಮೇಡಂ,” ಅಂದರು. ಒಂದು ಪೊಟ್ಟಣ ಬಿಚ್ಚಿ ನೋಡಿ, “ಫೋನು. ನೀವೆಲ್ಲ ಫೋನ್ ಮಾಡಿದಾಗ ನಾನು ಆ ಕಡೆ ತಿರುಗ್ತೀನಿ ನೋಡಿ, ಆಗ.”

ಅವರ ಕಿವಿ ಕೆಂಪಾಗಿತ್ತು. ಇನ್ನೊಂದು ತಟ್ಟೆ ಗೋಡೆಗೆ ಬಡಿಯುತ್ತದೆ ಎಂದೇ ನಾನು ಅಂದುಕೊಂಡೆ.

ಮನೆಗೆ ಹೋಗಿ ಅವರು ಮೊದಲು ಹೆಂಡತಿಯ ಅಂಗಡಿಗೆ ಫೋನ್ ಮಾಡಿದರಂತೆ. ಕೂಗಾಡಬೇಕು ಅನಿಸುತ್ತಿದೆ ಎಂದರು. “ಕೂಗಾಡೋದಿದ್ರೆ ನನ್ನ ಮೇಲೆ ಕೂಗಾಡಿ, ಈಗಲೇ, ಫೋನಲ್ಲೇ. ಅವಳು ಬರೋ ಹೊತ್ತಿಗೆ ಮುಗಿದಿರಲಿ,” ಅಂದರು ಹೆಂಡತಿ. ಮೇಷ್ಟ್ರಿಗೆ ನಗು ಬಂದುಬಿಟ್ಟಿತು.

ಸಂಜೆ ಮೇಷ್ಟ್ರು ಮಗಳ ಮುಂದೆ ಆ ಪೊಟ್ಟಣಗಳನ್ನು ಇಟ್ಟರು. ಅವಳ ಮುಖ ಬಿಳಿಚಿಕೊಂಡಿತು.

“ಇದನ್ನ ಬಚ್ಚಿಟ್ಟಿದ್ದು ಆ ಕಾಯಿಲೆ ಅಂತ ನನಗೆ ಗೊತ್ತು. ಅದರ ಜೊತೆ ಜಗಳ ಇದೆ ನಂದು, ನಿನ್ನ ಜೊತೆ ಅಲ್ಲ. ನಾಳೆಯಿಂದ ಫೋನು ಡಿಕ್ಕಿಯಲ್ಲಿರುತ್ತೆ. ಇವತ್ತು ಮಧ್ಯಾಹ್ನ ತಪ್ಪಿಸಿದ್ದನ್ನ ಈಗ ತಿನ್ನೋಣ.”

ಆಗ ಮೂಲೆಯಲ್ಲಿ ಕೂತಿದ್ದ ಅಜ್ಜಿ ಗೊಳೋ ಎಂದು ಅಳಲು ಶುರುಮಾಡಿದರು. ವಿಷಯ ಏನೆಂದರೆ, ರಾತ್ರಿ ಊಟದ ಮೇಲೆ ಮೊಮ್ಮಗಳಿಗೆ ಕೊಡುವ ದೊಡ್ಡ ಲೋಟದ ಹಾಲನ್ನು ಕುಡಿಸುವ ಕೆಲಸ ಅಜ್ಜಿಯದಾಗಿತ್ತು. ಮೂರು ವಾರದಿಂದ ಆ ಹಾಲನ್ನು ಅಜ್ಜಿಯೇ ಕುಡಿದು ಲೋಟ ತೊಳೆದಿಡುತ್ತಿದ್ದರು.

“ಅವಳು ಕಾಲು ಹಿಡ್ಕೊಂಡು ಬೇಡ್ಕೊಂಡ್ಲು ಕಣೋ. ನನ್ನ ಕರುಳು ಕೇಳಲಿಲ್ಲ.”

ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದರು. ಮೂರು ವಾರದಿಂದ ತೂಕದ ನಕ್ಷೆಯಲ್ಲಿ ಗೆರೆ ಯಾಕೆ ಮೇಲೇರುತ್ತಿಲ್ಲ ಎಂದು ಅವರೂ ತಲೆ ಕೆಡಿಸಿಕೊಂಡಿದ್ದರು. ಅಜ್ಜಿಯನ್ನು ದಿಟ್ಟಿಸಿ ನೋಡಿ, “ಬನ್ನಿ ತಾಯಿ, ಇವತ್ತು ನೀವೂ ತಕ್ಕಡಿ ಮೇಲೆ ನಿಲ್ಲಿ,” ಅಂದರು. ಮನೆಯಲ್ಲಿ ತೂಕ ಏರಿದ್ದು ಅಜ್ಜಿಯದು! ಮೊದಲು ನಕ್ಕದ್ದು ಪಿಟೀಲು. ತಡೆಯಲಾರದೆ, ಬಾಯಿಗೆ ಕೈ ಅಡ್ಡ ಹಿಡಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂಬತ್ತು ತಿಂಗಳಿಂದ ಆ ನಗು ಯಾರೂ ಕೇಳಿರಲಿಲ್ಲ. ತಾಯಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

“ಅಜ್ಜಿಗೆ ಕಾವಲು ಕೆಲಸ ಬೇಡ,” ಅಂದರು ಡಾಕ್ಟರಮ್ಮ. “ಕರುಳಿರೋರಿಗೆ ಅದು ಆಗಲ್ಲ. ಊಟ ಆದ ಮೇಲಿನ ಒಂದು ಗಂಟೆ ಇವಳಿಗೆ ನರಕ. ಆ ಒಂದು ಗಂಟೆ ನಿಮಗೆ.”

ಆ ಮೇಲೆ ಅಜ್ಜಿ ಇಸ್ಪೀಟು ಹಿಡಿದರು. ಊಟ ಮುಗಿದ ಕೂಡಲೇ ಮೇಜು ಒರೆಸಿ ಎಲೆ ಹಂಚುವರು. ಅಜ್ಜಿ ಮೋಸ ಮಾಡುವುದರಲ್ಲಿ ನಿಸ್ಸೀಮರು, ಎಲೆಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವರು. ಹೊಟ್ಟೆ ಉಬ್ಬಿದೆ, ಓಡಬೇಕು, ಮೆಟ್ಟಿಲು ಹತ್ತಬೇಕು ಎಂದು ಮೊಮ್ಮಗಳ ಕಾಲು ತುಡಿಯುತ್ತಿರುವಾಗ, “ಅಜ್ಜೀ, ಆ ರಾಣಿ ಈಗ ತಾನೇ ಹೋಗಿತ್ತು!” ಎಂದು ಜಗಳಕ್ಕೆ ಬೀಳಲೇಬೇಕಾಗುತ್ತಿತ್ತು. ಜಗಳದಲ್ಲಿ ಗಂಟೆ ಕಳೆದುಹೋಗುತ್ತಿತ್ತು.

ಗೆರೆ ಮೆಲ್ಲಗೆ ಮೇಲೇರಿತು. ಒಂದು ವಾರ ಏರಿ, ಒಂದು ವಾರ ನಿಂತು, ಮತ್ತೆ ಏರಿತು. ಕೂದಲು ಉದುರುವುದು ನಿಂತಿತು. ಸ್ವೆಟರು ಪೆಟ್ಟಿಗೆಗೆ ಹೋಯಿತು. ಐದನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಕಾರಿನಲ್ಲಿ ತನ್ನ ಡಬ್ಬಿ ಮುಗಿಸಿದ ಪಿಟೀಲು ಯಾವುದೋ ಗೆಳತಿಯ ಕತೆ ಹೇಳುತ್ತಾ ಹೇಳುತ್ತಾ ಕೈಚಾಚಿ ಅಪ್ಪನ ಡಬ್ಬಿಯಿಂದ ಕಿತ್ತಳೆಯ ಒಂದು ತೊಳೆ ತೆಗೆದು ಬಾಯಿಗೆ ಹಾಕಿಕೊಂಡಳು. ತಾನು ಮಾಡಿದ್ದು ಅವಳಿಗೇ ಗೊತ್ತಾಗಲಿಲ್ಲ. ಮೇಷ್ಟ್ರು ಗೊತ್ತಾದಂತೆ ತೋರಿಸದಿರಲು ರಸ್ತೆ ದಾಟುತ್ತಿದ್ದ ನಾಯಿಯನ್ನೇ ನೋಡುತ್ತಾ ಕೂತರಂತೆ. ನನಗೆ ಇದನ್ನು ಹೇಳುವಾಗ ಅವರು ರಸ್ತೆಯನ್ನೇ ಮರೆತಿದ್ದರು, ನಾನು ಕೆಂಪು ಸಿಗ್ನಲ್ ದಾಟಿಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಅವರ ಕಾಲು ತಪ್ಪಿದ್ದು ಅದೊಂದೇ ಸಲ.

ವಾಪಸ್ ಕೊಡುವ ಕೆಲಸ ಅಷ್ಟು ಸಲೀಸಾಗಿರಲಿಲ್ಲ. ಮೊದಲು ಬೆಳಗಿನ ತಿಂಡಿಯನ್ನು ಅವಳೇ ಬಡಿಸಿಕೊಳ್ಳಲಿ ಎಂದರು ಡಾಕ್ಟರಮ್ಮ. ತಾಯಿಗೆ ಅದೇ ಕಷ್ಟವಾಯಿತು. ಬೆನ್ನು ಮಾಡಿ ನಿಂತು ಪಾತ್ರೆ ತೊಳೆಯುತ್ತಾ, ಚಮಚದ ಸದ್ದನ್ನು ಎಣಿಸುತ್ತಿದ್ದರಂತೆ. ಶಾಲೆಯ ಪರೀಕ್ಷೆಯ ಸಮಯದಲ್ಲಿ ಮತ್ತೆ ಸ್ವಲ್ಪ ಜಾರಿತು. ಹತ್ತು ದಿನ ಎಲ್ಲವನ್ನೂ ತಂದೆತಾಯಿ ಮತ್ತೆ ಕೈಗೆ ತೆಗೆದುಕೊಂಡರು. ಈ ಸಲ ಪಿಟೀಲು, “ನೀವೇ ಬಡಿಸಿ, ನನಗೆ ಆಗ್ತಿಲ್ಲ,” ಎಂದು ತಾನೇ ಬಂದು ಹೇಳಿದಳು. ಹನ್ನೊಂದನೆಯ ದಿನ ಚಮಚ ಮತ್ತೆ ಅವಳ ಕೈಗೆ.

ಆ ಮೇಲೆ ಒಂದು ದಿನ ಮೇಷ್ಟ್ರು ಮರದ ಕೆಳಗೆ ಕಾಯುತ್ತಿದ್ದಾಗ ಮಗಳು ಓಡಿಬಂದು ಕಿಟಕಿಯಲ್ಲಿ ತಲೆ ಹಾಕಿ, “ಅಪ್ಪಾ, ಇವತ್ತು ಎಲ್ಲರ ಜೊತೆ ಊಟ ಮಾಡ್ದೆ. ನೀನು ಹೋಗು,” ಎಂದು ಓಡಿಹೋದಳು. ಏನು ತಿಂದಳು, ಎಷ್ಟು ತಿಂದಳು, ಹೇಳಲಿಲ್ಲ. ಅವರೂ ಕೇಳಲಿಲ್ಲ. ಏಳು ತಿಂಗಳಲ್ಲಿ ಮೊದಲ ಸಲ ಒಂದು ಇಡೀ ಗಂಟೆ ಅವರ ಕೈಗೆ ಸಿಕ್ಕಿತ್ತು, ಏನು ಮಾಡುವುದೆಂದು ತಿಳಿಯದೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದರು.

ಕೊನೆಯ ಭೇಟಿಗೆ ಹೋದಾಗ ವರ್ಷದ ಮೇಲೆ ಒಂದು ತಿಂಗಳಾಗಿತ್ತು. ಡಾಕ್ಟರಮ್ಮ, “ಈ ವಾರ ಮನೇಲಿ ಏನು ತೊಂದರೆ?” ಎಂದು ಕೇಳಿದರು.

ತಾಯಿ ಮಗಳು ಇಬ್ಬರೂ ಒಟ್ಟಿಗೇ ಶುರುಮಾಡಿದರು. ಶಾಲೆಯಿಂದ ಬೆಟ್ಟ ಹತ್ತಲು ಎರಡು ದಿನ ಕರೆದುಕೊಂಡು ಹೋಗುತ್ತಾರೆ, ಮಗಳು ಹೋಗಲೇಬೇಕು ಅನ್ನುತ್ತಾಳೆ, ತಾಯಿ ಬೇಡ ಅನ್ನುತ್ತಾರೆ. ಮಗಳು ಬಾಗಿಲು ಬಡಿದಿದ್ದಾಳೆ, ತಾಯಿ ಮಾತು ಬಿಟ್ಟಿದ್ದಾರೆ. ಅಜ್ಜಿ ಎರಡೂ ಕಡೆಗೆ ತಲೆಯಾಡಿಸಿದ್ದಾರೆ. ಹತ್ತು ನಿಮಿಷ ಕಿತ್ತಾಟ. ಡಾಕ್ಟರಮ್ಮ ಕೈಕಟ್ಟಿ ಕೇಳುತ್ತಾ ಕೇಳುತ್ತಾ ನಗಲು ಶುರುಮಾಡಿದರು.

“ಇಷ್ಟು ಹೊತ್ತಿನಲ್ಲಿ ಯಾರಾದ್ರೂ ಊಟದ ಮಾತೆತ್ತಿದ್ರಾ?”

ಅಜ್ಜಿ ಈ ಸಲ ಒಂದೇ ಕಡೆಗೆ ತಲೆಯಾಡಿಸಿದರು, ಇಲ್ಲ ಎಂದು.

“ಇದು ಹದಿನಾರು ವರ್ಷದ ಹುಡುಗಿ ಇರೋ ಎಲ್ಲ ಮನೇಲೂ ಆಗೋ ಜಗಳ. ಇದಕ್ಕೆ ನನ್ನ ಹತ್ರ ಚಿಕಿತ್ಸೆ ಇಲ್ಲ. ಮನೆಗೆ ಹೋಗಿ ಜಗಳ ಆಡ್ಕೊಳ್ಳಿ. ಏನಾದ್ರೂ ಅನುಮಾನ ಬಂದ್ರೆ ಮಾತ್ರ ಫೋನ್ ಮಾಡಿ.”

ಅಷ್ಟು ಹೇಳಿ ಫೈಲು ಮುಚ್ಚಿದರು. ಅಜ್ಜಿ ಅವರ ಎರಡೂ ಕೈ ಹಿಡಿದುಕೊಂಡು, “ನಿಮ್ಮ ನೆಗಡಿಗೂ ಯಾರಿಗಾದ್ರೂ ತೋರಿಸ್ಕೊಳ್ಳಿ ತಾಯಿ,” ಅಂದರಂತೆ.

ಕಾರಿಗೆ ಬಂದು ಕೂತರು. ಮುಂದೆ ಮೇಷ್ಟ್ರು ಮತ್ತು ಹೆಂಡತಿ, ಹಿಂದೆ ಅಜ್ಜಿ ಮೊಮ್ಮಗಳು. ಬೆಟ್ಟದ ವಿಷಯ ಇನ್ನೂ ಮುಗಿದಿರಲಿಲ್ಲ. ಮಗಳು, “ಅಮ್ಮಾ, ಬರೀ ಎರಡೇ ದಿನ,” ಎಂದು ಮತ್ತೆ ಪಿಟೀಲು ಕುಯ್ಯಲು ಶುರುಮಾಡಿದಳು. ಉತ್ತರ ಬರಲಿಲ್ಲ. ಮುಂದಕ್ಕೆ ಬಾಗಿ ನೋಡಿದರೆ, ತಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಗಾಢ ನಿದ್ದೆ ಹೋಗಿದ್ದರು.

“ಅಪ್ಪಾ,” ಎಂದು ಪಿಟೀಲು ಪಿಸುಗುಟ್ಟಿದಳು, “ನಿಧಾನ ಓಡ್ಸು. ಅಮ್ಮ ಮಲಗಿದ್ದಾಳೆ.”

ಮೇಷ್ಟ್ರು ಗೇರ್ ಇಳಿಸಿದರು. ಮನೆಯ ತಿರುವು ಬಂತು. ಅದನ್ನು ದಾಟಿಕೊಂಡು ಹಾಗೇ ನೇರವಾಗಿ ಹೋದರು, ಸೇತುವೆಯಾಚೆಗೆ, ಗುಂಡಿಯಿಲ್ಲದ ಹೊಸ ರಸ್ತೆಯ ಕಡೆಗೆ.